ನುಣುಪು-ಎರಡು

"ಯಾರ್ರೀ ಅದು? ಬಿಡ್ರಿ ಬಳ್ಳೀನ!"

ಬೆಳಗಿನ ಏಳು ಗಂಟೆ. ಕರಬೂಜದ ತಾಕಿನ ನಡುವೆ ಒಬ್ಬ ಗಂಡಸು ಮೊಣಕಾಲೂರಿ ಕುಳಿತು, ಅಂಗಿಯ ತೋಳನ್ನು ಮೊಣಕೈವರೆಗೆ ಮಡಚಿ, ಬರಿ ಮುಂಗೈಯನ್ನು ಒಂದು ಬಳ್ಳಿಯ ಮೇಲೆ ಮೆಲ್ಲಗೆ ಆಡಿಸುತ್ತಿದ್ದ. ಕಣ್ಣು ಮುಚ್ಚಿದ್ದ. ಮುಖದಲ್ಲಿ ತಣ್ಣೀರು ಕುಡಿದವನ ಸುಖ.

ಕೂಗಿದವಳು ಬದು ಹಾರಿ ಬಂದು ಎದುರಿಗೆ ನಿಂತಳು. ಅವನು ಕಣ್ಣು ತೆರೆದ, ಆದರೆ ಏಳಲಿಲ್ಲ.

"ನಿಜವಾಗ್ಲೂ ನುಣುಪಾಗಿದೆ," ಅಂದ. "ನಿಮ್ಮ ಪತ್ರದಲ್ಲಿ 'ಅಷ್ಟು ಅನುಮಾನ ಇದ್ದರೆ ಕಣ್ಣಾರೆ ಬಂದು ನೋಡಿ' ಅಂತ ಬರೆದಿದ್ರಿ. ಬಂದೆ."

ಆಗ ತಿಳಿಯಿತು ಇವನಾರೆಂದು. "ಅದು ಬೈಗುಳ ಕಣ್ರೀ!"

"ಹೌದಾ? ನಾನು ಆಹ್ವಾನ ಅಂದ್ಕೊಂಡೆ." ಮಣ್ಣು ಕೊಡವಿಕೊಂಡು ಎದ್ದ. "ರಾತ್ರಿಯಿಡೀ ರೈಲಲ್ಲಿ ಕೂತು ಬಂದಿದೀನಿ. ವಾಪಸ್ ಹೋಗ್ಲಾ?"

ಸಾಲಿನ ಆಚೆ ಕಳೆ ಕೀಳುತ್ತಿದ್ದ, ಎಲ್ಲರೂ ದೊಡ್ಡಮ್ಮ ಎನ್ನುವ ಕೂಲಿ ಹೆಂಗಸು ತಲೆ ಎತ್ತದೆಯೇ ಹೇಳಿದಳು: "ಬಂದೋರನ್ನ ಹಾಗೇ ಕಳಿಸ್ತಾರಾ ಮಗಳೇ? ಒಂದು ಸಾಲು ಕಳೆನಾದ್ರೂ ಕೀಳಿಸಿ ಕಳಿಸು."

ಕರಬೂಜದ ಬಳ್ಳಿಗೆ ಮೈತುಂಬ ರೋಮ. ದೂರದಿಂದ ನೋಡಿದರೆ ಬೆಳ್ಳಿಯ ಹೊಳಪು, ಮುಟ್ಟಿದರೆ ಗರಗಸ. ದಿನಕ್ಕೆ ಎಂಟು ಗಂಟೆ ಆ ಬಳ್ಳಿ ಸರಿಸಿ ಹಣ್ಣು ಕೀಳುವ ಹೆಂಗಸರ ಮುಂಗೈ ಹೇಗಿರುತ್ತದೆಂದು ಹಣ್ಣು ತಿನ್ನುವವರು ಕೇಳುವುದಿಲ್ಲ. ಸಿಹಿ ಎಷ್ಟು, ತೂಕ ಎಷ್ಟು, ಎಷ್ಟು ದಿನ ಕೆಡದೆ ಇರುತ್ತದೆ ಎಂದು ಅಳೆಯಲು ಉಪಕರಣಗಳಿವೆ. ನವೆಯನ್ನು ಅಳೆಯುವ ಉಪಕರಣವನ್ನು ಯಾರೂ ಮಾಡಿಲ್ಲ, ಯಾಕೆಂದರೆ ಅದು ಅಳೆಯುವವರ ಕೈಗೆ ಆಗುವುದಲ್ಲ.

ಅವಳು ಕೆಲಸ ಮಾಡುವ ಸಂಶೋಧನಾ ಕೇಂದ್ರದ ತಾಕಿನಲ್ಲಿ ಮೂರು ವರ್ಷದ ಹಿಂದೆ, ಸಾವಿರ ಬಳ್ಳಿಗಳ ನಡುವೆ, ಚುಚ್ಚದ ಒಂದು ಬಳ್ಳಿಯನ್ನು ಕಂಡುಹಿಡಿದದ್ದು ಸೂಕ್ಷ್ಮದರ್ಶಕವಲ್ಲ, ದೊಡ್ಡಮ್ಮನ ಮುಂಗೈ. "ಇದು ಯಾಕೋ ನನ್ನ ಮೇಲೆ ಮುನಿಸಿಕೊಂಡಿಲ್ಲ ನೋಡು," ಎಂದು ಕರೆದು ತೋರಿಸಿದ್ದಳು. ತಳಿವಿಜ್ಞಾನಿಯಾದ ಅವಳು ಅದರ ಬೀಜ ತೆಗೆದಳು, ಬಿತ್ತಿದಳು, ಮತ್ತೆ ತೆಗೆದಳು. ಅವಳು ಬರೆದ ವರದಿಯಲ್ಲಿ ದೊಡ್ಡಮ್ಮನ ಹೆಸರಿತ್ತು. ನಿರ್ದೇಶಕರು ಕೆಂಪು ಶಾಯಿಯಲ್ಲಿ ಅದನ್ನು ಹೊಡೆದುಹಾಕಿ, "ಕೂಲಿಯವರ ಹೆಸರು ವಿಜ್ಞಾನದಲ್ಲಿ ಬರೋದಿಲ್ಲ" ಎಂದಿದ್ದರು. ಜೊತೆಗೆ ಇನ್ನೊಂದು ಮಾತು: ಇದು ನಿಜಕ್ಕೂ ಹೊಸ ಜೀನ್ ಎಂದು ಬಳಗ ಒಪ್ಪಿದರೆ ತಾಕು ಇನ್ನೂ ಮೂರು ವರ್ಷ. ಇಲ್ಲದಿದ್ದರೆ ಈ ಹಂಗಾಮಿಗೇ ಮುಗಿಯಿತು. ತಾಕು ಹೋದರೆ ಅದರ ಮೇಲಿರುವ ದೊಡ್ಡಮ್ಮನ ಕೆಲಸವೂ ಹೋಗುತ್ತದೆ.

ಬಳಗ ಎಂದರೆ ಕರಬೂಜ, ಕಲ್ಲಂಗಡಿ, ಸೌತೆ, ಕುಂಬಳಗಳ ಕುಲಗೋತ್ರ ಕೆದಕುವ ನೂರೈವತ್ತು ಜನ. ಎಲ್ಲೆಲ್ಲೋ ಚದುರಿದವರು, ಯಾರಿಗೂ ಯಾರೂ ಯಜಮಾನರಲ್ಲ. ಒಬ್ಬರು ಬೀಜ ಕೇಳಿದರೆ ಇನ್ನೊಬ್ಬರು ಇಲ್ಲ ಎನ್ನುವಂತಿಲ್ಲ. ಜೀನುಗಳದ್ದೊಂದು ಪಟ್ಟಿ, ಅದಕ್ಕೆ ವರ್ಷಕ್ಕೊಂದು ಸಭೆ. ಹೊಸ ಹೆಸರು ಪಟ್ಟಿಗೆ ಸೇರಬೇಕಾದರೆ ಅದೇ ಗುಣದ ಹಳೆಯ ತಳಿಯೊಂದಿಗೆ ಕೂಡಿಸಿ ನೋಡಬೇಕು.

ಹಳೆಯ ತಳಿ ಇವನದು. ಐದು ವರ್ಷದ ಹಿಂದೆ ಅವನ ಕೇಂದ್ರದಲ್ಲೊಂದು ನುಣುಪು ಬಳ್ಳಿ ಸಿಕ್ಕಿ, ಪಟ್ಟಿಯಲ್ಲಿ 'ನುಣುಪು' ಎಂದು ಸೇರಿತ್ತು. ಅವಳು ತನ್ನದಕ್ಕೆ 'ನುಣುಪು-ಎರಡು' ಎಂದು ಹೆಸರು ಕೇಳಿದಾಗ ಇವನು ಒಂದೇ ಸಾಲು ಬರೆದಿದ್ದ: "ಎರಡೂ ಒಂದೇ ಇರಬಹುದು." ಅದಕ್ಕೆ ಅವಳ ಉತ್ತರ ನಾಲ್ಕು ಪುಟ.

ಎರಡು ನುಣುಪು ಬಳ್ಳಿಗಳನ್ನು ಕೂಡಿಸಿದಾಗ, ಎರಡರಲ್ಲೂ ಕೆಟ್ಟಿರುವುದು ಒಂದೇ ಜೀನ್ ಆಗಿದ್ದರೆ ಮಕ್ಕಳೂ ನುಣುಪಾಗಿ ಹುಟ್ಟುತ್ತವೆ. ಬೇರೆ ಬೇರೆಯಾಗಿದ್ದರೆ ಒಬ್ಬರ ಕೊರತೆಯನ್ನು ಇನ್ನೊಬ್ಬರು ತುಂಬಿ, ಮಕ್ಕಳ ಮೈಯೆಲ್ಲ ರೋಮ. ಅವಳಿಗೆ ಬೇಕಿದ್ದದ್ದು ರೋಮ.

ಬೀಜದ ವಿನಿಮಯ ಅಂಚೆಯಲ್ಲಿ ಮೊದಲೇ ಆಗಿತ್ತು. ಅವನ ತಳಿ ಇವಳ ತಾಕಿನಲ್ಲೂ ಇವಳ ತಳಿ ಅವನ ತಾಕಿನಲ್ಲೂ ಹೂವಿಗೆ ಬಂದಿದ್ದವು. ಇಬ್ಬರೂ ಬೇರೆ ಬೇರೆಯಾಗಿ ಕೂಡಿಸಿ, ಫಲಿತಾಂಶವನ್ನು ಒಟ್ಟಿಗೆ ಕಳಿಸಬೇಕು. ಅದಕ್ಕೆ ಅವನು ಬರಲೇಬೇಕೆಂದೇನೂ ಇರಲಿಲ್ಲ.

"ಮತ್ಯಾಕೆ ಬಂದ್ರಿ?" ಎಂದು ಕೇಳಿದಳು, ಬೀಜದ ಕೋಣೆಯ ಮೇಜಿನ ಮೇಲೆ ಚಹಾದ ಲೋಟ ಇಡುತ್ತ.

"ನಾಲ್ಕು ಪುಟ ಬೈದೋರ ಮುಖ ನೋಡಬೇಕು ಅನ್ನಿಸ್ತು."

"ನೋಡಿದ್ರಲ್ಲ. ಹೇಗಿದೆ?"

ಅವನು ಚಹಾ ಊದಿದ. ಲೋಟದ ಅಂಚಿನ ಮೇಲಿಂದ ಒಮ್ಮೆ ನೋಡಿ, ಮತ್ತೆ ಚಹಾಕ್ಕೇ ಮರಳಿದ. "ಮೂರು ಪುಟಕ್ಕೆ ನಿಲ್ಲಿಸಬಹುದಿತ್ತು ಅನ್ನೋ ಹಾಗಿದೆ."

ಅವಳು ಬೀಜದ ಪೊಟ್ಟಣಗಳ ಕಡೆ ತಿರುಗಿಕೊಂಡಳು. ನಗು ಬೆನ್ನಿನಲ್ಲೂ ಕಾಣುತ್ತದೆಂದು ಅವಳಿಗೆ ಗೊತ್ತಿರಲಿಲ್ಲ.

*

ಕರಬೂಜದ ಹೂವಿಗೆ ಒಂದೇ ಬೆಳಗ್ಗೆ ಆಯುಸ್ಸು. ನಾಳೆ ಅರಳುವ ಮೊಗ್ಗನ್ನು ಇವತ್ತು ಸಂಜೆಯೇ ಗುರುತಿಸಿ, ತುದಿಗೆ ಕ್ಲಿಪ್ ಹಾಕಿ ಮುಚ್ಚಬೇಕು. ಬೆಳಗ್ಗೆ ಕ್ಲಿಪ್ ತೆಗೆದು, ಬೇಕಾದ ಗಂಡು ಹೂವಿನ ಪರಾಗ ಸವರಿ, ಕೂಡಲೇ ಮತ್ತೆ ಮುಚ್ಚಬೇಕು. ನಡುವೆ ಜೇನುನೊಣ ಬಂದರೆ ಎಲ್ಲಿಯ ಪರಾಗವೋ ಯಾರ ಪರಾಗವೋ. ಮೊದಲು ಬಂದದ್ದೇ ಮೊದಲು ಇಳಿಯುತ್ತದೆ.

ಎರಡನೆಯ ದಿನ ಬೆಳಗ್ಗೆ ಇಬ್ಬರೂ ಒಂದೇ ಸಾಲಿನಲ್ಲಿ ಕುಳಿತರು. ಅವಳು ಹೆಣ್ಣು ಹೂವಿನ ಕ್ಲಿಪ್ ತೆಗೆದು ತುಟಿಗಳ ನಡುವೆ ಕಚ್ಚಿಕೊಂಡು, ಗಂಡು ಹೂವಿಗಾಗಿ ಕೈ ಚಾಚಿದಳು. ಹೂ ಕೊಡಲು ಬಂದ ಅವನ ಮುಂಗೈ ತುಂಬ ಕೆಂಪು ಗೆರೆಗಳಿದ್ದವು. ಹಿಂದಿನ ದಿನ ರೋಮದ ಸಾಲುಗಳಲ್ಲಿ ದೊಡ್ಡಮ್ಮನ ಜೊತೆ ಕಳೆ ಕಿತ್ತಿದ್ದ.

ಅವಳು ಕ್ಲಿಪ್ ಕೈಗೆ ತೆಗೆದುಕೊಂಡಳು. "ತೋಳು ಇಳಿಸಿಕೊಂಡು ಕೀಳಬಾರದಾ?"

"ದೊಡ್ಡಮ್ಮ ಅಂದ್ರು, ತೋಳಿಳಿಸಿದ್ರೆ ಅರ್ಧ ಗೊತ್ತಾಗತ್ತೆ ಅಂತ."

ಅವಳು ಅವನ ಮುಂಗೈ ಹಿಡಿದು ಬೆಳಕಿಗೆ ತಿರುಗಿಸಿದಳು. ತಾನೇನು ಮಾಡುತ್ತಿದ್ದೇನೆಂದು ಯೋಚಿಸಲಿಲ್ಲ.

"ನನ್ನಮ್ಮನೂ ಹಣ್ಣು ಕೀಳೋಕೆ ಕೂಲಿಗೆ ಹೋಗ್ತಿದ್ಲು, ಯಾವಾಗ್ಲೂ ಉದ್ದ ತೋಳಿನ ರವಿಕೇನೇ ಹಾಕ್ತಿದ್ಲು," ಅಂದಳು. "ಬೇಸಿಗೇಲೂ. ಸ್ಕೂಲಿಗೆ ಬಂದಾಗ ಕೈ ಸೆರಗಿನೊಳಗೆ ಇಟ್ಕೊಂಡಿರ್ತಿದ್ಲು. ನಮ್ಮ ಟೀಚರ್ ಒಂದ್ಸಲ ಕೇಳಿಬಿಟ್ರು, ನಿಮ್ಮಮ್ಮಂಗೆ ಏನಾದ್ರೂ ಚರ್ಮದ ಕಾಯಿಲೆನಾ ಅಂತ."

"ನೀವೇನಂದ್ರಿ?"

"ಹೌದು ಅಂದೆ." ಅವಳ ದನಿ ಸಣ್ಣದಾಯಿತು. "ಕಾಯಿಲೆ ಅಂದ್ರೆ ಮರ್ಯಾದೆ. ಕೂಲಿ ಅಂದ್ರೆ ನಾಚಿಕೆ. ಹನ್ನೊಂದು ವರ್ಷದ ತಲೆಗೆ ಅಷ್ಟೇ ಹೊಳೆದಿದ್ದು."

ಅವನು ಕೈ ಹಿಂದಕ್ಕೆಳೆದುಕೊಳ್ಳಲಿಲ್ಲ. "ಅವರಿದಾರಾ?" ಅಂದ.

"ಇಲ್ಲ. ಈ ಬಳ್ಳಿ ಸಿಗೋಕೆ ಒಂದು ವರ್ಷ ಮುಂಚೆ ಹೋದ್ಲು. ಮುಟ್ಟಿದ್ದಿದ್ರೆ..." ಅವನ ಹೆಬ್ಬೆರಳು ಅವಳ ಬೆರಳುಗಳ ಮೇಲೆ ಒಮ್ಮೆ ಸರಿಯಿತು, ಕೇಳಿಸಿತು ಎನ್ನುವಷ್ಟೇ.

ಅವರು ಎಷ್ಟು ಹೊತ್ತು ಹಾಗೆ ಕುಳಿತಿದ್ದರೋ. ಬಿಸಿಲು ಸಾಲಿನ ಮೇಲೆ ಬಿದ್ದಾಗ ಅವಳು ಬೆಚ್ಚಿ, ಪರಾಗ ಸವರಿ, ಕ್ಲಿಪ್ ಹಾಕಿ, ಚೀಟಿಯಲ್ಲಿ ತಾರೀಖು ಬರೆದು ಕಟ್ಟಿದಳು. ಅವಳ ಅಕ್ಷರ ಅಂದು ಎಂದಿಗಿಂತ ದುಂಡಗಿತ್ತು.

*

ಅವನು ಹಿಂದಿರುಗಿದ. ನಲವತ್ತು ದಿನ ಕಾಯಿ ಬಲಿಯಬೇಕು. ನಲವತ್ತು ದಿನವೂ ಫೋನು ಮಿಡಿಯಿತು.

"ಕಾಯಿ ಎಷ್ಟಾಯ್ತು?"

"ಮುಷ್ಟಿಯಷ್ಟು."

"ಯಾರ ಮುಷ್ಟಿ?"

"ದೊಡ್ಡಮ್ಮಂದು. ನಿಮ್ಮ ಮುಷ್ಟಿ ನಾನ್ಯಾಕೆ ಅಳೀಲಿ?"

"ಅಳೆದಿದ್ರಲ್ಲ, ಒಂದಿನ ಬೆಳಗ್ಗೆ."

ಅವಳು ಫೋನನ್ನು ಮೇಜಿನ ಖಾನೆಗೆ ಹಾಕಿ, ಎರಡು ನಿಮಿಷಕ್ಕೆ ಮತ್ತೆ ತೆಗೆದಳು. ಕಾಯಿಯ ಫೋಟೋ ಕಳಿಸಿದಳು. ಅವನೂ ತನ್ನ ಕಾಯಿಯದು ಕಳಿಸಿದ. ದೊಡ್ಡಮ್ಮ ಹೆಗಲ ಮೇಲಿಂದ ಇಣುಕಿ, "ಬೇರೆ ಹುಡುಗೀರಿಗೆ ಹೂವಿನ ಫೋಟೋ ಬರತ್ತೆ, ನಿನಗೆ ಹಣ್ಣೇ ಬರ್ತಿದೆಯಲ್ಲೇ!" ಅಂದಳು.

ಹಣ್ಣು ಕೊಯ್ದು, ಬೀಜ ತೊಳೆದು, ಮೂವತ್ತು ಬೀಜಗಳನ್ನು ಟ್ರೇಯಲ್ಲಿ ಬಿತ್ತಿದಳು. ಎರಡು ವಾರಕ್ಕೆ ಎಲೆ ಬಂತು. ಭೂತಗನ್ನಡಿ ಬೇಕಿರಲಿಲ್ಲ. ಮೂವತ್ತಕ್ಕೆ ಮೂವತ್ತೂ ರೋಮ.

ಅವಳು ಟ್ರೇ ಮುಂದೆ ಕುಳಿತು ನಕ್ಕಳು, ಸ್ವಲ್ಪ ಅತ್ತಳು. "ಎರಡೂ ಬೇರೆ! ನನ್ನದು ನನ್ನದೇ!" ಎಂದು ಬರೆದು ಕಳಿಸಿದಳು.

ಒಂದು ಇಡೀ ದಿನ ಉತ್ತರವಿಲ್ಲ. ಮರುದಿನ ಮಧ್ಯಾಹ್ನ ಅವನೇ ಕರೆ ಮಾಡಿದ.

"ನನ್ನ ಹತ್ರ ಮೂವತ್ತಕ್ಕೆ ಮೂವತ್ತೂ ನುಣುಪು," ಅಂದ.

ಇಬ್ಬರಲ್ಲಿ ಯಾರೋ ಒಬ್ಬರದು ತಪ್ಪು.

"ನಿಮ್ಮದೇ ತಪ್ಪಿರಬೇಕು," ಅಂದಳು. "ಅದೇ ಗಿಡದ ಗಂಡು ಹೂವಿನ ಪರಾಗ ಬಿದ್ದಿರತ್ತೆ. ಆಗ ನುಣುಪು ಬರದೆ ಇನ್ನೇನು ಬರತ್ತೆ?"

"ಇರಬಹುದು."

"ಇರಬಹುದು, ಇರಬಹುದು! ಆ ಒಂದು ಮಾತು ಬಿಟ್ರೆ ನಿಮಗೆ ಬೇರೆ ಬರಲ್ವಾ?"

ಅವನು ಉಸಿರೆಳೆದುಕೊಂಡದ್ದು ಕೇಳಿಸಿತು. "ನೋಡಿ, ನನ್ನ ಫಲಿತಾಂಶ ನಾನು ಕಳಿಸಲ್ಲ. ನನ್ನ ಕಾಯಿ ಉದುರಿಹೋಯ್ತು ಅಂತ ಬರೀತೀನಿ. ನಿಮ್ಮದೊಂದೇ ಹೋಗಲಿ. ನಿಮ್ಮ ತಾಕು ಉಳಿಯತ್ತೆ."

ಅವಳಿಗೆ ಮೈಯೆಲ್ಲ ಉರಿಯಿತು. "ಏನ್ರೀ ಇದು, ದಾನನಾ? ನಮ್ಮಂಥೋರಿಗೆ ಯಾವತ್ತೂ ಎರಡೇ ಸಿಗೋದು ನೋಡಿ. ಹೆಸರು ಹೊಡೆದುಹಾಕೋ ಕೆಂಪು ಶಾಯಿ, ಇಲ್ಲಾಂದ್ರೆ ಅಯ್ಯೋ ಪಾಪ. ನನಗೆ ಎರಡೂ ಬೇಡ. ನಿಮ್ಮ ಮೂವತ್ತನ್ನೂ ಬರೀರಿ. ಸಭೇಲಿ ನೋಡೋಣ."

ಫೋನು ಇಟ್ಟ ಮೇಲೆ ಕೋಣೆ ಬಹಳ ದೊಡ್ಡದಾಗಿ ಕಂಡಿತು.

*

ಸಭೆಗೆ ನಾಲ್ಕು ದಿನವಿತ್ತು. ದೊಡ್ಡಮ್ಮ ಟ್ರೇಗಳಿಗೆ ನೀರು ಹಾಕುತ್ತಿದ್ದವಳು ಡಬ್ಬ ಕೆಳಗಿಟ್ಟಳು.

"ಆವತ್ತು ನಿನ್ನ ಹೂ ತೆರೆದಿತ್ತು," ಅಂದಳು.

"ಯಾವ ಹೂ?"

"ಆ ತಮ್ಮನ ಕೈ ಹಿಡ್ಕೊಂಡು ಕೂತಿದ್ದೆಯಲ್ಲ, ಆಗ. ಕ್ಲಿಪ್ಪು ನಿನ್ನ ಕೈಲಿತ್ತು, ಹೂ ಬಾಯಿ ತೆಗೆದಿತ್ತು. ನಾನು ಒಂದು ಸಾಲು ಕಿತ್ತು ಮುಗಿಸೋವರೆಗೂ ಹಾಗೇ ಇತ್ತು. ನೊಣ ಒಳಗೆ ಹೋಗಿ ಹೊರಡೋದನ್ನ ನಾನೇ ಕಣ್ಣಾರೆ ನೋಡಿದೆ."

ಅವಳು ತಾಕಿನ ಕಡೆ ನೋಡಿದಳು. ಅಕ್ಕಪಕ್ಕದ ಸಾಲೆಲ್ಲ ರೋಮದ ಬಳ್ಳಿ. ಆ ಪರಾಗವೇ ಮೊದಲು ಇಳಿದಿದೆ. ತಾನು ಸವರಿದ್ದು ತಡವಾಗಿ ಬಂದ ನೆಂಟ.

"ಆಗಲೇ ಯಾಕೆ ಹೇಳಲಿಲ್ಲ ದೊಡ್ಡಮ್ಮಾ?"

"ಆಗ ನಿನ್ನ ಮುಖ ನೋಡಿ ಹೇಳೋಕೆ ಮನಸ್ಸು ಬರಲಿಲ್ಲ. ಆಮೇಲೆ ನನ್ನ ಕೆಲಸ ನೆನಪಾಗಿ ಬಾಯಿ ಬರಲಿಲ್ಲ." ಅವಳು ಒದ್ದೆ ಕೈಯನ್ನು ಸೆರಗಿಗೆ ಒರೆಸಿದಳು. "ಮೂರು ದಿನದಿಂದ ಊಟ ಸೇರ್ತಿಲ್ಲ. ತೆರೆದ ಹೂವಿನ ಬೀಜ ಕಸಕ್ಕೆ ಅಂತ ನೀನೇ ಅಲ್ವಾ ನನಗೆ ಕಲಿಸಿದ್ದು? ನಾನು ಎಷ್ಟು ಕಾಯಿ ಕಿತ್ತು ಎಸೆದಿಲ್ಲ ಈ ಕೈಯಲ್ಲಿ! ಈಗ ನನಗೆ ಅನುಕೂಲ ಅಂತ ಇದೊಂದನ್ನ ಇಟ್ಕೊಳ್ಳೋದಾ?"

"ನಿಮ್ಮ ಕೆಲಸ..."

"ಹೋಗತ್ತೆ. ನನಗೆ ಗೊತ್ತಿಲ್ವಾ?" ದೊಡ್ಡಮ್ಮ ಡಬ್ಬ ಎತ್ತಿಕೊಂಡಳು. "ಬಳ್ಳಿ ಗುರುತಿಸಿದ್ದು ನಾನು. ಅದರ ಹೆಸರಲ್ಲಿ ಸುಳ್ಳು ಬೇಡ."

*

ಸಭೆ ನಡೆದದ್ದು ಒಂದು ಕಾಲೇಜಿನ ಉಪನ್ಯಾಸದ ಕೋಣೆಯಲ್ಲಿ. ಮೆಟ್ಟಿಲು ಮೆಟ್ಟಿಲಾಗಿ ಬೆಂಚುಗಳು, ಕಪ್ಪುಹಲಗೆಯ ಮೇಲೆ ಅಳಿಸದೆ ಬಿಟ್ಟ ಯಾವುದೋ ಗಣಿತ. ಪಟ್ಟಿ ಕಾಯುವ ಮುದುಕರನ್ನು ಎಲ್ಲರೂ ಪಟ್ಟಿತಾತ ಎನ್ನುತ್ತಿದ್ದರು. ಒಂದೊಂದೇ ಹೊಸ ಹೆಸರನ್ನು ಗಟ್ಟಿಯಾಗಿ ಓದಿ, ಕನ್ನಡಕದ ಮೇಲಿಂದ ಸುತ್ತ ನೋಡಿ, "ತಕರಾರು?" ಎನ್ನುವುದು ಅವರ ಪದ್ಧತಿ.

ಅವನು ಮೂರು ಬೆಂಚು ಕೆಳಗೆ ಕುಳಿತಿದ್ದ. ತಿರುಗಿ ನೋಡಿರಲಿಲ್ಲ. ಕಿವಿ ಮಾತ್ರ ಅವಳು ಒಳಬಂದಾಗಿನಿಂದ ಕೆಂಪಾಗಿತ್ತು.

"ಕರಬೂಜ. ನುಣುಪು-ಎರಡು. ಎರಡು ಫಲಿತಾಂಶ ಬಂದಿವೆ, ಒಂದಕ್ಕೊಂದು ಉತ್ತರ ದಕ್ಷಿಣ. ತಕರಾರು?"

ಅವನು ಏಳುವ ಮುಂಚೆ ಅವಳು ಎದ್ದಳು. "ನನ್ನದು."

"ನಿಮ್ಮದೇ ಹೆಸರಿಗೆ ನಿಮ್ಮದೇ ತಕರಾರಾ?"

"ಹೌದು. ನನ್ನ ಫಲಿತಾಂಶ ತಪ್ಪು. ಹೂ ತೆರೆದಿತ್ತು. ಅವರ ದಾಖಲೆ ನೋಡಿದೆ, ಅವರ ಹೂ ಮುಚ್ಚೇ ಇತ್ತು, ಅವರದು ಸರಿ. ಎರಡೂ ಒಂದೇ ಜೀನ್."

ಕೋಣೆ ಗುಜುಗುಜು ಎಂದಿತು. ಪಟ್ಟಿತಾತ ಪೆನ್ನು ತೆಗೆದರು. ಬಳಗದಲ್ಲಿ ತಪ್ಪನ್ನೂ ಅಚ್ಚು ಹಾಕುತ್ತಾರೆ, ಕಾರಣ ಸಮೇತ, ಇನ್ನೊಬ್ಬರು ಅದೇ ಗುಂಡಿಗೆ ಬೀಳದಿರಲೆಂದು. "ಎಷ್ಟು ಹೊತ್ತು ತೆರೆದಿತ್ತು?"

"ಕಳೆಯ ಒಂದು ಸಾಲು ಮುಗಿಯೋವರೆಗೆ. ಇಪ್ಪತ್ತು ನಿಮಿಷ ಅಂತಿಟ್ಕೊಳ್ಳಿ."

"ಇಪ್ಪತ್ತು ನಿಮಿಷ!" ಮುದುಕರು ನಿಜಕ್ಕೂ ನೊಂದರು. "ಹನ್ನೆರಡು ವರ್ಷದ ಅನುಭವ ಇರೋರು ನೀವು. ಗಮನ ಎಲ್ಲಿತ್ತಮ್ಮಾ?"

ಅವಳು ಸುಳ್ಳು ಹೇಳಬಹುದಿತ್ತು. ಆದರೆ ಸುಳ್ಳು ಬೇಡವೆಂದೇ ಅಲ್ಲಿಯವರೆಗೆ ಬಂದಿದ್ದಳು.

"ಮೂರು ಬೆಂಚು ಕೆಳಗೆ," ಅಂದಳು.

ಮೊದಲು ಯಾರೋ ಕೆಮ್ಮಿದರು. ಆಮೇಲೆ ನಗು ಬೆಂಚಿನಿಂದ ಬೆಂಚಿಗೆ ಇಳಿಯಿತು. ಅವನು ತಿರುಗಿ ನೋಡಿದ, ಎರಡು ತಿಂಗಳು ತಡೆದಿಟ್ಟಿದ್ದ ನೋಟ. ಅವಳು ಕಣ್ಣು ಕದಲಿಸಲಿಲ್ಲ.

"ಇನ್ನೂ ಇದೆ," ಅಂದಳು, ನಗು ಅಡಗುವ ಮುಂಚೆ. "ಜೀನ್ ಒಂದೇ ಆದ್ರೂ ನಮ್ಮ ಬಳ್ಳಿ ಬೇರೆ ಕಡೆ ಸಿಕ್ಕಿದ್ದು. ಅದನ್ನ ಪಟ್ಟಿಗೆ ಸೇರಿಸಿ. ಕಂಡುಹಿಡಿದೋರು ಅನ್ನೋ ಕಡೆ ನನ್ನ ಹೆಸರು ಬೇಡ. ನಮ್ಮ ತಾಕಿನ ಕೆಲಸದ ದೊಡ್ಡಮ್ಮ ಕಂಡುಹಿಡಿದಿದ್ದು. ಹೂ ತೆರೆದಿತ್ತು ಅಂತ ಹೇಳಿದ್ದೂ ಅವರೇ, ಹೇಳಿದ್ರೆ ಕೆಲಸ ಹೋಗತ್ತೆ ಅಂತ ಗೊತ್ತಿದ್ದೂ. ಇಲ್ಲಿರೋ ನಾವೆಲ್ಲ ಎಷ್ಟು ಜನರ ಕೈಮೇಲೆ ನಿಂತು ಹೆಸರು ತಗೊಂಡಿದೀವಿ? ಒಂದ್ಸಲ ಎಣಿಸೋಣ. ನಾನು ಮೊದಲು ಎಣಿಸ್ತಿದೀನಿ."

ಅವನು ಎದ್ದ. "ನನ್ನ ದಾಖಲೇನೂ ತಿದ್ದಬೇಕು," ಅಂದ. "ಐದು ವರ್ಷದ ಹಿಂದೆ ನಮ್ಮ ಬಳ್ಳೀನ ತೋರಿಸಿದ್ದು ಹಣ್ಣು ಕೀಳೋಕೆ ಬಂದಿದ್ದ ಒಬ್ಬ ಹೆಂಗಸು. 'ಇದು ಚುಚ್ಚಲ್ಲ ಸಾರ್' ಅಂದ್ರು. ನಾನು ನನ್ನ ಹೆಸರು ಬರೆದ್ಕೊಂಡೆ. ಅವರ ಹೆಸರು ಕೇಳಲೂ ಇಲ್ಲ."

ಅವಳ ಮುಖ ಗಡುಸಾಯಿತು. ಅವನು ಅದನ್ನು ನೋಡಿದ, ನೋಡಿಯೂ ಕೂರಲಿಲ್ಲ.

"ಇವತ್ತೆಲ್ಲ ತಪ್ಪೊಪ್ಪಿಕೊಳ್ಳೋಕೇ ಬಂದಿದೀರೇನ್ರಪ್ಪಾ?" ಎಂದರು ಪಟ್ಟಿತಾತ. ಆದರೆ ಬರೆದುಕೊಂಡರು. ಬರೆದು, ತಲೆ ಎತ್ತಿ, "ಆ ತಾಕು ಮುಚ್ಚಿದ್ರೆ ಎರಡನೇ ಬೀಜ ಯಾರ ಹತ್ರ ಉಳಿಯತ್ತೆ? ಒಂದೇ ಕಡೆ ಇಟ್ಟ ಬೀಜ ಒಂದು ಮಳೆಗೆ ಹೋಗತ್ತೆ," ಎಂದು ಕೇಳಿದರು.

"ನನಗೆ ಹತ್ತು ಬೀಜ," ಎಂದರು ಕುಂಬಳದ ಮೇಲೆ ಕೆಲಸ ಮಾಡುವ ಒಬ್ಬ ಹೆಂಗಸು, ಹಿಂದಿನ ಬೆಂಚಿನಿಂದ. "ನನಗೂ," ಎಂದರು ಇನ್ನೊಬ್ಬರು. ಸ್ವಲ್ಪ ಹೊತ್ತಿಗೆ ಮೂವತ್ತೆಂಟು ಕೈ ಮೇಲೆದ್ದಿದ್ದವು. ಅಷ್ಟು ಬೀಜ ಬೇಕಾದರೆ ಬೆಳೆಯಬೇಕು. ಬೆಳೆಯಬೇಕಾದರೆ ಆ ತಾಕು ಬೇಕು, ಕ್ಲಿಪ್ ಹಾಕಲು ನಂಬಿಕೆಯ ಕೈ ಬೇಕು. ಅದನ್ನೇ ಒಂದು ಕಾಗದದಲ್ಲಿ ಬರೆದು, ಮೂವತ್ತೆಂಟೂ ಜನ ಸಹಿ ಹಾಕಿ, ನಿರ್ದೇಶಕರಿಗೆ ಕಳಿಸಿದರು. ವಾರದ ಮೇಲೆ ಉತ್ತರ ಬಂತು: ಅರ್ಧ ತಾಕು, ಒಂದು ಹಂಗಾಮು. ದೊಡ್ಡಮ್ಮ ಕೇಳಿ, "ಅರ್ಧ ಕೊಟ್ಟೋರು ಇನ್ನರ್ಧಕ್ಕೆ ಯಾವಾಗ ಬರಬೇಕು ಅಂತ ಹೇಳಿದಾರಾ?" ಅಂದಳು.

*

ಸಭೆಯ ದಿನ ಸಂಜೆ ಇಬ್ಬರೂ ಕಾಲೇಜಿನ ಮೆಟ್ಟಿಲ ಮೇಲೆ ಕುಳಿತಿದ್ದರು. ತಿದ್ದುಪಡಿಯನ್ನು ಇಬ್ಬರೂ ಸೇರಿ ಬರೆದುಕೊಡಬೇಕೆಂದು ಪಟ್ಟಿತಾತನ ಕಟ್ಟಪ್ಪಣೆ. ನಡುವೆ ಒಂದು ಗೇಣು ಜಾಗ, ಒಂದೇ ಪೆನ್ನು.

"ಕೋಪನಾ?" ಅಂದ.

"ಹೌದು. ಹೆಸರು ಕೇಳಲಿಲ್ಲ ಅಂದ್ರಲ್ಲ, ಅದಕ್ಕೆ."

"ಹುಡುಕ್ತೀನಿ. ಆ ವರ್ಷ ಕೆಲಸಕ್ಕೆ ಬಂದೋರನ್ನೆಲ್ಲ ಕೇಳ್ತೀನಿ."

"ನಾನೂ ಬರ್ತೀನಿ," ಅಂದಳು. "ನಿಮಗೆ ಸರಿಯಾಗಿ ಕೇಳೋಕೆ ಬರಲ್ಲ. ಎಲ್ಲದಕ್ಕೂ 'ಇರಬಹುದು' ಅಂತೀರಿ."

"ಒಂದು ವಿಷಯಕ್ಕೆ ಅನ್ನಲ್ಲ."

ಗೇಣು ಜಾಗ ಬೆರಳಿನಷ್ಟಾಯಿತು. ಅವನು ಕಾಗದವನ್ನು ಮೊಣಕಾಲ ಮೇಲಿಟ್ಟುಕೊಂಡು ದೊಡ್ಡಮ್ಮನ ಹೆಸರನ್ನು ಮೊದಲು ಬರೆದ. ಅದರ ಕೆಳಗೆ ಅವಳದು, ಕೊನೆಗೆ ತನ್ನದು. ಆಮೇಲೆ ತಪ್ಪಿನ ವಿವರ.

"ಕಾರಣ ಏನಂತ ಬರೀಲಿ?"

"ಹೂ ತೆರೆದಿದ್ದಾಗ ಇಬ್ಬರೂ ಮಾತಾಡ್ತಾ ಇದ್ರು ಅಂತ ಬರೀರಿ. ನಿಜ ತಾನೆ?"

ಅವನು ಅಕ್ಷರ ಬಿಡದೆ ಬರೆದ. ಪೆನ್ನು ನಿಲ್ಲಿಸಿ ಅವಳ ಕಡೆ ತಿರುಗಿದ. "ಏನು ಮಾತು ಅಂತ ಕೇಳಿದ್ರೆ?"

ಅವಳು ಪೆನ್ನನ್ನು ಅವನ ಕೈಯಿಂದ ತೆಗೆದು ಮುಚ್ಚಿದಳು. ಆ ಕೈಯನ್ನು ತನ್ನ ಕೈಯೊಳಗೆ ಇಟ್ಟುಕೊಂಡಳು.

"ಇನ್ನೂ ಮುಗಿದಿಲ್ಲ ಅನ್ನಿ."